ಕೆರೆಗೆ ಯಜಮಾನರು ಯಾರು? ಚಿಕ್ಕಬಳ್ಳಾಪುರ ಸೀಮೆಯಿಂದ ನಾವು ಕಲಿಯಬಹುದಾದ ಪಾಠ

ಕಾಫಿ, ಅಡಿಕೆ ಬೆಳೆಯುವ ನಮ್ಮ ಸೀಮೆಯಲ್ಲಿ ನೀರಿನ ಚಿಂತೆ ಫೆಬ್ರವರಿಯಲ್ಲಿ ಆರಂಭವಾಗಿ ಮುಂಗಾರಿನೊಂದಿಗೆ ಮುಗಿಯುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ರೈತರಿಗೆ ಅದು ಹನ್ನೆರಡು ತಿಂಗಳ ಚಿಂತೆ. ಆ ಸೀಮೆಗೂ ನಮ್ಮ ಮಲೆನಾಡು, ಕರಾವಳಿಗಳಿಗೂ ಬೆಳೆಯಲ್ಲಿ, ಮಣ್ಣಿನಲ್ಲಿ, ಮಳೆಯಲ್ಲಿ ಹೋಲಿಕೆಯಿಲ್ಲ. ಆದರೂ ಅಲ್ಲಿಯ ಹಳ್ಳಿಗಳಲ್ಲಿ ಕಳೆದ ಅರವತ್ತು ವರ್ಷಗಳಲ್ಲಿ ನಡೆದದ್ದನ್ನು ನಮ್ಮ ಸಣ್ಣ ಬೆಳೆಗಾರರು ತಿಳಿದುಕೊಳ್ಳುವುದು ಒಳ್ಳೆಯದು. ಗ್ರಾಮೋದ್ಧಾರದ ಹೆಸರಿನಲ್ಲಿ ಅಲ್ಲಿಗೆ ಬಂದ ಯೋಜನೆಗಳು ಹಲವು. ಅವುಗಳಲ್ಲಿ ಕೆಲವು ಬೇರೂರಿದವು, ಕೆಲವು ಹಣ ಮುಗಿದೊಡನೆ ಒಣಗಿದವು. ಏಕೆ ಹೀಗಾಯಿತು ಎಂಬುದೇ ಈ ಲೇಖನದ ವಿಷಯ.

ನದಿ ಹುಟ್ಟುವ ಸೀಮೆ

ನಂದಿಬೆಟ್ಟದ ಸುತ್ತಮುತ್ತಲಿನ ಬೆಟ್ಟಸಾಲಿನಲ್ಲಿ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಜೋರು ಮಳೆಗಾಲದ ಒಂದು ತಿಂಗಳಿನಲ್ಲಿಯೇ ಇಷ್ಟು ಬೀಳುವುದುಂಟು.

ಇಷ್ಟು ಕಡಿಮೆ ಮಳೆಯಲ್ಲಿ ಅಲ್ಲಿಯ ಜನ ನೂರಾರು ವರ್ಷ ಬದುಕಿದ್ದು ಕೆರೆಗಳಿಂದ. ಮೇಲಿನ ಕೆರೆಯ ಕೋಡಿ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೂ ಕೆಳಗಿನದಕ್ಕೆ ಸೇರುತ್ತದೆ. ಹಾರದ ಮಣಿಗಳಂತೆ ಕೆರೆಗಳ ಸಾಲು. 1866ರಲ್ಲಿ ಮೈಸೂರು ಸೀಮೆಯ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆ ಕಟ್ಟಲು ತಕ್ಕ ಜಾಗ ಹುಡುಕಬೇಕಾದರೆ ಬಹಳ ಜಾಣ್ಮೆ ಬೇಕಾದೀತು ಎಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾರೆ. ಹಿಂದಿನವರು ಒಂದು ಹಳ್ಳವನ್ನೂ ಬಿಡದೆ ಕಟ್ಟಿ ನೀರು ನಿಲ್ಲಿಸಿದ್ದರು.

ನೀರುಗಂಟಿಯ ಕಾಲ

ಕೆರೆ ಕಟ್ಟುವುದು ಒಮ್ಮೆಯ ಕೆಲಸ, ಕಾಯುವುದು ಪ್ರತಿ ವರ್ಷದ ಕೆಲಸ. ಕಾಯುವ ಹೊಣೆ ನೀರುಗಂಟಿಯದು. ಮಳೆಗೆ ಮೊದಲು ರಾಜಕಾಲುವೆ ನೋಡುವುದು, ಮಳೆ ಬಂದ ರಾತ್ರಿ ಏರಿಯ ಮೇಲೆ ನಡೆದು ಬಿರುಕು ಹುಡುಕುವುದು, ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ ಪ್ರತಿಯೊಂದು ಗದ್ದೆಗೂ ಸರದಿಯಂತೆ ನೀರು ಹಾಯಿಸುವುದು ಆತನ ಕೆಲಸ. ತನ್ನ ಹೊಲಕ್ಕೆ ತಾನೇ ಮಡೆ ತಿರುಗಿಸಿಕೊಳ್ಳುವ ಅಧಿಕಾರ ಯಾವ ದೊಡ್ಡ ರೈತನಿಗೂ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ನೀರುಗಂಟಿಗೆ ಧಾನ್ಯದ ಆಯ ಸಲ್ಲುತ್ತಿತ್ತು. ಅದರ ಜೊತೆಗೆ ಇನಾಮು ಜಮೀನೂ ಇರುತ್ತಿತ್ತು.

ನೀರು ಕಡಿಮೆಯಾದ ವರ್ಷದ ಕಟ್ಟುಪಾಡು ವಿಶೇಷವಾಗಿ ಗಮನಿಸತಕ್ಕದ್ದು. ಕೆರೆ ಅರ್ಧ ಮಾತ್ರ ತುಂಬಿದರೆ ತೂಬಿನ ಪಕ್ಕದ ಗದ್ದೆಯವರು ಮಾತ್ರ ಬೆಳೆದುಕೊಂಡು ಬಾಲದ ಗದ್ದೆಯವರು ಬಾಯಿ ಬಿಡಬೇಕಾಗಿರಲಿಲ್ಲ. ಊರವರು ಸೇರಿ, ಇರುವ ನೀರಿಗೆ ಎಷ್ಟು ಗದ್ದೆ ನೆನೆದೀತೆಂದು ನೀರುಗಂಟಿಯ ಅಂದಾಜಿನಂತೆ ಗೊತ್ತುಮಾಡಿ, ತೂಬಿನ ಹತ್ತಿರದ ಅಷ್ಟೇ ಜಮೀನನ್ನು ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಆ ಒಂದು ಬೆಳೆಯ ಮಟ್ಟಿಗೆ ಹಂಚುತ್ತಿದ್ದರು. ಇದಕ್ಕೆ ದಾಮಾಶಾ ಎಂದು ಹೆಸರು. ನೀರಿನ ಕೊರತೆಯನ್ನು ಎಲ್ಲರೂ ಪಾಲು ಹಾಕಿಕೊಳ್ಳುವ ಈ ಪದ್ಧತಿಯ ಹಿಂದೆ ಯಾವ ಇಲಾಖೆಯ ಆದೇಶವೂ ಇರಲಿಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹೇಳುವಂತಿಲ್ಲ. ಹೆಚ್ಚಿನ ಊರುಗಳಲ್ಲಿ ನೀರುಗಂಟಿಗಳು ದಲಿತ ಮನೆತನದವರು. ಇಡೀ ಊರಿನ ನೀರು ಅವರ ಕೈಯಲ್ಲಿದ್ದರೂ ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಅವರಿಗೆ ಜಾಗವಿರಲಿಲ್ಲ. ಅಚ್ಚುಕಟ್ಟಿನಲ್ಲಿ ಭೂಮಿಯಿಲ್ಲದ, ಬೆದ್ದಲು ಹೊಲ ಮಾತ್ರವಿದ್ದ ಕೂಲಿಕಾರರಿಗೆ ಕೆರೆಯ ನೀರಿನಲ್ಲಿ ಪಾಲಿರಲಿಲ್ಲ. ಏರಿಗೆ ಮಣ್ಣು ಹೊರುವಾಗ ಮಾತ್ರ ಅವರ ನೆನಪಾಗುತ್ತಿತ್ತು. ‘ಊರಿನ ಕೆರೆ’ ಎನ್ನುವಾಗ ಊರೆಂದರೆ ಯಾರು ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ.

ಕೆರೆ ಸರ್ಕಾರದ್ದಾಯಿತು

ಕೆರೆಯ ಹೊಣೆಯನ್ನು ಊರಿನ ಕೈಯಲ್ಲಿಡುವ ಯತ್ನವಾಗಿ ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆ ಬಂದಿತ್ತು. ಕಾಲಕ್ರಮದಲ್ಲಿ ಈ ಹೊಣೆ ಇಲಾಖೆಗಳ ಪಾಲಾಯಿತು. 40 ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿಗೆ ಎಂದು ವಿಂಗಡಣೆಯಾಯಿತು. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾನೂನು 1963ರಲ್ಲಿ ಜಾರಿಗೆ ಬಂದು ತೋಟಿ, ತಳವಾರಿಕೆಗಳೊಂದಿಗೆ ನೀರುಗಂಟಿಯ ವಂಶಪಾರಂಪರ್ಯ ಹುದ್ದೆಯೂ ಹೋಯಿತು. ಹುಟ್ಟಿನಿಂದ ಚಾಕರಿ ಅಂಟಿಕೊಳ್ಳುವ ಪದ್ಧತಿ ಹೋದದ್ದು ನ್ಯಾಯವೇ. ಆದರೆ ಆ ಕೆಲಸವನ್ನು ಮುಂದೆ ಯಾರು, ಯಾವ ಸಂಬಳಕ್ಕೆ ಮಾಡಬೇಕೆಂಬುದನ್ನು ಯಾರೂ ಗೊತ್ತುಮಾಡಲಿಲ್ಲ. ಕೆಲವು ಊರುಗಳಲ್ಲಿ ರೈತರು ತಾವಾಗಿಯೇ ಆಯ ಕೊಟ್ಟು ನೀರುಗಂಟಿಯನ್ನು ಉಳಿಸಿಕೊಂಡರು. ಉಳಿದೆಡೆ ತೂಬಿಗೆ ತುಕ್ಕು ಹಿಡಿಯಿತು.

ಇದೇ ವೇಳೆಗೆ ಕೊಳವೆಬಾವಿ ಬಂತು. ಸ್ವಂತ ಹೊಲದಲ್ಲಿ, ಸ್ವಂತ ಪಂಪಿನಿಂದ ನೀರು ಸಿಗುವಾಗ ಊರ ಕೆರೆಯ ಗೊಡವೆ ಯಾರಿಗೆ ಬೇಕು? ರಾಜಕಾಲುವೆಗಳು ಒತ್ತುವರಿಯಾದವು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ನೂರು, ಇನ್ನೂರು ಅಡಿಯಲ್ಲಿ ಸಿಗುತ್ತಿದ್ದ ನೀರು ಸಾವಿರ ಅಡಿಯನ್ನು ದಾಟಿತು. ಆಳದ ನೀರಿನಲ್ಲಿ ಫ್ಲೋರೈಡ್ ಬಂತು. ಅಂತರ್ಜಲ ಅತಿಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ಸೀಮೆಯ ಹೆಸರು ವರ್ಷ ವರ್ಷವೂ ಕಾಣಿಸಿಕೊಂಡಿತು. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿಗಳಿಂದ ಬಂದ ಹಣವನ್ನು ಬಾವಿ ಕೊರೆಸುವ ಲಾರಿಗೇ ಸುರಿದು ಸಾಲಗಾರರಾದ ರೈತರು ಅಲ್ಲಿ ಊರೂರಿಗೂ ಇದ್ದಾರೆ.

ಸಂಘ ಬಂತು, ಹಣ ಬಂತು, ಮುಂದೆ?

2002ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಆರಂಭವಾಯಿತು. ನಡೆಸಿದ್ದು ಜಲ ಸಂವರ್ಧನೆ ಯೋಜನಾ ಸಂಘ. ಕೋಲಾರ ಜಿಲ್ಲೆ ಮೊದಲಿನಿಂದಲೂ ಇದರಲ್ಲಿತ್ತು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಯಿತು. ಊರಿನಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟುವುದು, ಕಾಮಗಾರಿಗೆ ರೈತರೂ ತಮ್ಮ ಪಾಲು ಹಾಕುವುದು, ಹೂಳು ತೆಗೆದು ತೂಬು, ಕೋಡಿ ರಿಪೇರಿ ಮಾಡಿ ಕೆರೆಯನ್ನು ಸಂಘದ ವಶಕ್ಕೆ ಕೊಡುವುದು ಇದರ ಉದ್ದೇಶ. ಯೋಚನೆ ಒಳ್ಳೆಯದೇ. ತೆಗೆದ ಗೋಡುಮಣ್ಣನ್ನು ಹೊಲಕ್ಕೆ ಹೊಡೆದುಕೊಂಡವರಿಗೆ ಒಳ್ಳೆಯ ಬೆಳೆಯೂ ಬಂತು.

ಆದರೆ 2012ರಲ್ಲಿ ಯೋಜನೆ ಮುಗಿದ ಮೇಲೆ ಹಲವೆಡೆ ಸಂಘಗಳ ಸಭೆ ನಿಂತಿತು. ಸಂಘ ಹುಟ್ಟಿದ್ದೇ ಕಾಮಗಾರಿಗಾಗಿ. ಕಾಮಗಾರಿ ಮುಗಿಯಿತು, ಸಂಘವೂ ಮುಗಿಯಿತು. ಮೀನಿನ ಹರಾಜು, ಮರಗಳ ಫಸಲು, ನೀರಿನ ಕರ ಮುಂತಾದ ಕೆರೆಯ ಆದಾಯದಲ್ಲಿ ಸಂಘದ ಕೈಗೆ ನಿಶ್ಚಿತವಾಗಿ ಸೇರುವುದೆಷ್ಟು ಎಂಬುದು ಎಲ್ಲೆಡೆ ಇತ್ಯರ್ಥವಾಗಲಿಲ್ಲ. ಆದಾಯವಿಲ್ಲದೆ ಹೊಣೆ ಮಾತ್ರವಿರುವ ಸಂಘ ಎಷ್ಟು ದಿನ ನಡೆದೀತು?

ಇನ್ನೊಂದು ಸಮಸ್ಯೆ ಸೂಕ್ಷ್ಮವಾದದ್ದು. ಕೆರೆಯ ನೀರನ್ನು ಗದ್ದೆಗೆ ಬಿಡದೆ ತೂಬು ಮುಚ್ಚಿ, ಅಲ್ಲಿಯೇ ಇಂಗಿಸಿ ಕೊಳವೆಬಾವಿಗಳಿಗೆ ಬಲ ಕೊಡೋಣವೆಂಬ ತೀರ್ಮಾನ ಅನೇಕ ಊರುಗಳಲ್ಲಿ ಆಗಿದೆ. ಕೇಳಲು ಸರಿಯೆನಿಸುತ್ತದೆ. ಆದರೆ ಇಂಗಿದ ನೀರು ಸಿಗುವುದು ಬಾವಿ ಕೊರೆಸಲು ಶಕ್ತಿಯಿದ್ದವನಿಗೆ. ಬಾವಿಯಿಲ್ಲದ ಸಣ್ಣ ಅಚ್ಚುಕಟ್ಟುದಾರ ತಲೆಮಾರುಗಳ ಹಕ್ಕನ್ನು ಕಳೆದುಕೊಂಡ. ದಾಮಾಶಾ ಪದ್ಧತಿಯಲ್ಲಿ ಕೊರತೆಯನ್ನೂ ಹಂಚುತ್ತಿದ್ದ ಊರಿನಲ್ಲಿ ಈಗ ನೀರು ಶಕ್ತರ ಕಡೆಗೆ ಭೂಮಿಯ ಒಳಗಿನಿಂದಲೇ ಹರಿಯುತ್ತಿದೆ.

ಇತ್ತೀಚೆಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಬೆಂಗಳೂರಿನ ಸುತ್ತಿನ ಹಾಗೂ ಈ ಜಿಲ್ಲೆಯ ಒಟ್ಟು 65 ಕೆರೆಗಳಿಗೆ ಹರಿಸಲು ಏರ್ಪಾಡಾಗಿದೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂದು ರೈತ ಸಂಘಟನೆಗಳು ಒತ್ತಾಯಿಸುತ್ತ ಬಂದಿವೆ. ಅಂತರ್ಜಲ ತುಂಬಲೆಂದೇ ಬಿಟ್ಟ ಈ ನೀರಿಗೆ ನೇರವಾಗಿ ಪಂಪು ಇಡಬಾರದೆಂಬ ನಿಯಮವಿದೆ. ನಿಯಮ ಕಾಗದದ ಮೇಲಿದೆ. ರಾತ್ರಿ ಕೆರೆಯ ದಡದಲ್ಲಿ ಕಾಯಬೇಕಾದವರಾರು? ಪ್ರಶ್ನೆ ಮತ್ತೆ ನೀರುಗಂಟಿಯ ಬಳಿಗೇ ಬಂದು ನಿಲ್ಲುತ್ತದೆ. 2021ರ ನವೆಂಬರಿನ ಭಾರೀ ಮಳೆಗೆ ಈ ಸೀಮೆಯ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿ ಬಿದ್ದವು, ಕೆಲವು ಏರಿಗಳು ಒಡೆದವು. ಕೆರೆ ತುಂಬುವುದು ದೇವರ ಕೃಪೆಯಾದರೂ ತುಂಬಿದ ಕೆರೆಯನ್ನು ಉಳಿಸಿಕೊಳ್ಳುವುದು ಮನುಷ್ಯರ ಕೆಲಸ.

ಕಲ್ಲುಬದು ಕಟ್ಟಿದ ಕೂಲಿಕಾರರು

ಕೆರೆಯ ನೀರಿನಲ್ಲಿ ಪಾಲಿಲ್ಲದಿದ್ದ ಬೆದ್ದಲು ರೈತರು, ಕೂಲಿಕಾರರು ಇದೇ ಸೀಮೆಯಲ್ಲಿ ಬೇರೊಂದು ದಾರಿ ಹಿಡಿದರು. 1977ರ ಕೊನೆಯಲ್ಲಿ ಬಾಗೇಪಲ್ಲಿಯಲ್ಲಿ ‘ಅಡಾಟ್ಸ್’ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಆರಂಭಿಸಿತು. ಅದರ ಬೆಂಬಲದಿಂದ ಊರೂರಲ್ಲಿ ‘ಕೂಲಿ ಸಂಘ’ಗಳು ಕಟ್ಟಿಕೊಂಡವು. ಬಾಗೇಪಲ್ಲಿ, ಗುಡಿಬಂಡೆಗಳಿಂದ ಇದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಿಗೂ ಹಬ್ಬಿತು.

ಸಂಘಗಳ ಕ್ರಮ ಸರಳ. ಪ್ರತಿ ಊರಿನಲ್ಲಿ ಒಂದು ಘಟಕ, ವಾರಕ್ಕೊಂದು ಸಭೆ, ಹೆಂಗಸರಿಗೆ ಅವರದೇ ಸಭೆ. ಸದಸ್ಯರು ತಮ್ಮ ವರ್ಷದ ಆದಾಯವನ್ನು ಸಭೆಯ ಮುಂದೆ ಹೇಳಿ ಅದರಲ್ಲೊಂದು ಪಾಲನ್ನು ಸಂಘಕ್ಕೆ ತೆರಿಗೆಯಾಗಿ ಕೊಡುತ್ತಿದ್ದರು. ಬಡವರಿಂದ ತೆರಿಗೆಯೇ ಎಂದು ಹೊರಗಿನವರಿಗೆ ಆಶ್ಚರ್ಯವಾದೀತು. ಆದರೆ ತನ್ನ ಹಣ ಬಿದ್ದ ಸಂಘದಲ್ಲಿ ಮಾತ್ರ ಮನುಷ್ಯ ಲೆಕ್ಕ ಕೇಳುತ್ತಾನೆ.

1980ರ ದಶಕದ ಉತ್ತರಾರ್ಧದಿಂದ ಬೇಸಿಗೆಯ ಸುಮಾರು ನೂರು ದಿನಗಳ ಕಾಲ ಒಣಭೂಮಿ ಅಭಿವೃದ್ಧಿಯ ಕೆಲಸ ನಡೆಯಿತು. ಕೂಲಿ ಹುಡುಕಿಕೊಂಡು ಊರು ಬಿಡುವ ಕಾಲದಲ್ಲಿ ತಮ್ಮದೇ ಹೊಲದಲ್ಲಿ ಕೂಲಿ ಸಿಕ್ಕಿತು. ಹೊಲದ ಕಲ್ಲು ಆರಿಸಿ, ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿದರು. ಉಳುಮೆಗೆ ಅಡ್ಡಿಯಾಗಿದ್ದ ಕಲ್ಲೇ ಮಣ್ಣು ಕಾಯುವ ಗೋಡೆಯಾಯಿತು. ನೆಲಗಡಲೆ, ರಾಗಿ ಹೊಲಗಳಲ್ಲಿ ಮಳೆಯ ನೀರು ಓಡುವುದನ್ನು ಬಿಟ್ಟು ನಿಂತು ಇಂಗತೊಡಗಿತು.

ಇದೇ ಸಂಘದ ಮನೆಗಳಿಗಾಗಿ ತಲಾ 2 ಘನ ಮೀಟರಿನ 5,500 ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟಿಸುವ ಯೋಜನೆ 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಸೌದೆ, ಸೀಮೆಎಣ್ಣೆ ಉರಿಸದೆ ಉಳಿಸಿದ ಹೊಗೆಗೆ ಲೆಕ್ಕವಿಟ್ಟು, ಅದನ್ನು ಮುಂದುವರಿದ ದೇಶಗಳವರಿಗೆ ಮಾರುವುದು ಇದರ ತಂತ್ರ. ಘಟಕ ಕಟ್ಟಿದರೆ ಸಾಲದು, ಪ್ರತಿ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ದಾಖಲೆ ಇಡಬೇಕು. ಉರಿಯದ ದಿನಕ್ಕೆ ಹಣವಿಲ್ಲ. ನಮ್ಮ ತೋಟಗಳಲ್ಲಿಯೂ ಸಬ್ಸಿಡಿಯಿಂದ ಕಟ್ಟಿ ಪಾಳು ಬಿದ್ದ ಗೋಬರ್ ಗ್ಯಾಸ್ ಗುಂಡಿಗಳಿವೆ. ಕಟ್ಟಿದ್ದಕ್ಕೆ ಹಣ ಕೊಡುವುದಕ್ಕೂ ನಡೆಸಿದ್ದಕ್ಕೆ ಹಣ ಕೊಡುವುದಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ದೂರದ ಯಾಟೆಂಗಾದಲ್ಲಿ

ಇಂಥದೇ ಕಲ್ಲುಬದುಗಳ ಕಥೆ ಪಶ್ಚಿಮ ಆಫ್ರಿಕದಲ್ಲಿಯೂ ನಡೆದಿದೆ. ಬುರ್ಕಿನಾ ಫಾಸೊ ದೇಶದ ಉತ್ತರ ಭಾಗದ ಯಾಟೆಂಗಾ ಸೀಮೆಯ ಮಳೆ ಚಿಕ್ಕಬಳ್ಳಾಪುರಕ್ಕಿಂತಲೂ ಕಡಿಮೆ. 1968ರಿಂದ 1973ರವರೆಗಿನ ಭೀಕರ ಬರಗಾಲದಲ್ಲಿ ಆ ನೆಲ ಹಂಚಿನಂತೆ ಗಟ್ಟಿಯಾಯಿತು, ಗಂಡಸರು ಊರು ಬಿಟ್ಟರು.

ಬರ್ನಾರ್ ಲೆದೆಯಾ ವೆದ್ರಾವೊಗೊ ಎಂಬವರು 1967ರಲ್ಲಿ ಅಲ್ಲಿ ‘ನಾಮ್’ ಚಳವಳಿಯನ್ನು ಆರಂಭಿಸಿದ್ದರು. ಅವರು ಹೊರಗಿನಿಂದ ಸಂಘದ ಬೈಲಾ ತರಲಿಲ್ಲ. ಅಲ್ಲಿಯ ಮೊಸ್ಸಿ ಜನರಲ್ಲಿ ಹರೆಯದವರು ಬೇಸಾಯದ ಕಾಲದಲ್ಲಿ ಕೂಡಿ ದುಡಿಯುವ ‘ಕೊಂಬಿ–ನಾಮ್’ ಎಂಬ ಹಳೆಯ ಕೂಟವೊಂದಿತ್ತು. ನಮ್ಮ ಮುಯ್ಯಾಳು ಪದ್ಧತಿಯನ್ನು ನೆನಪಿಗೆ ತರುವಂಥದು. ಆ ಕೂಟದೊಳಗೆ ಮೇಲುಕೀಳಿನ ಮನೆತನದ ಭೇದವಿಲ್ಲದೆ ಮುಖಂಡರನ್ನು ಆರಿಸುವ ರೂಢಿಯಿತ್ತು. ಅದನ್ನೇ ತಳಪಾಯ ಮಾಡಿಕೊಂಡು ಬಾವಿ, ಚಿಕ್ಕ ಕಟ್ಟೆ, ಧಾನ್ಯದ ಕಣಜ, ಸಾಲದ ನಿಧಿಗಳನ್ನು ಕಟ್ಟಲಾಯಿತು. ಇದ್ದದ್ದನ್ನು ಕೆಡಿಸದೆ ಬೆಳೆಯುವುದು ಅವರ ಸೂತ್ರ. 1990ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

1979ರ ನಂತರ ಅದೇ ಸೀಮೆಯಲ್ಲಿ ಆಕ್ಸ್‌ಫಾಮ್ ಸಂಸ್ಥೆಯ ನೆರವಿನಿಂದ ಸಮಪಾತಳಿಯ ಕಲ್ಲುಸಾಲುಗಳು ಹರಡಿದವು. ಮಟ್ಟ ನೋಡಲು ಅವರು ಬಳಸಿದ ಉಪಕರಣ, ನೀರು ತುಂಬಿದ ಪಾರದರ್ಶಕ ಪೈಪು. ನಮ್ಮ ಗಾರೆ ಕೆಲಸದವರು ದಿನಾ ಬಳಸುವ ಅದೇ ಪೈಪು. ಓದು ಬಾರದ ರೈತನೂ ಅಲ್ಪಕಾಲದಲ್ಲಿ ಕಲಿತು ಇಂಜಿನಿಯರಿಗೆ ಕಾಯದೆ ತನ್ನ ಹೊಲದ ಬದು ತಾನೇ ಗುರುತಿಸಿದ. ಗೌರ್ಗಾ ಗ್ರಾಮದ ರೈತ ಯಾಕುಬಾ ಸಾವಡೊಗೊ ‘ಝಾಯ್’ ಎಂಬ ಹಳೆಯ ಗುಂಡಿಯನ್ನು ಅಗಲ, ಆಳ ಮಾಡಿ, ಮಳೆಗೆ ಮೊದಲೇ ಗೊಬ್ಬರ ತುಂಬಿ ಬಂಜರಿನಲ್ಲಿ ಜೋಳ, ಸಜ್ಜೆ ಬೆಳೆದರು, ಕಾಡನ್ನೇ ಎಬ್ಬಿಸಿದರು. ತಾನು ಕಂಡದ್ದನ್ನು ಸುತ್ತಲಿನ ರೈತರಿಗೆ ತೋರಿಸಲು 1984ರಿಂದ ತನ್ನ ಊರಿನಲ್ಲಿ ಸಂತೆ ಕೂಡಿಸಿದರು. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಚಿಂತಾಮಣಿಯ ಬೆದ್ದಲಿಗೂ ಯಾಟೆಂಗಾಕ್ಕೂ ನಡುವೆ ಸಾವಿರಾರು ಮೈಲಿ. ಎರಡು ಕಡೆಯೂ ಕೆಲಸ ಕೈಗೂಡಿದ್ದು ರೈತನೇ ಮಾಡಬಲ್ಲ ತಂತ್ರದಿಂದ, ಅವನ ಹೊಲದಲ್ಲಿಯೇ ಇದ್ದ ಕಲ್ಲಿನಿಂದ, ಕೆಳಗಿನವರಿಗೂ ಮಾತಾಡಲು ಜಾಗವಿದ್ದ ಸಭೆಯಿಂದ.

ಹಾಲಿನ ಡೈರಿ ಏಕೆ ಉಳಿಯಿತು?

ಕೆರೆ ಸಂಘ ಸೊರಗಿದ ಎಷ್ಟೋ ಊರುಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಗಟ್ಟಿಯಾಗಿ ನಿಂತಿದೆ. ಜನ ಅವರೇ, ಜಾತಿ ಕಟ್ಟಳೆಗಳು ಅವೇ, ರಾಜಕೀಯ ಪಕ್ಷಗಳೂ ಅವೇ. ಆದರೂ ಈ ಅಂತರವೇಕೆ? ಹಾಲಿನ ಸಂಘದಲ್ಲಿ ಸದಸ್ಯ ದಿನಕ್ಕೆರಡು ಬಾರಿ ಸಂಘದ ಬಾಗಿಲಿಗೆ ಬರುತ್ತಾನೆ. ತನ್ನ ಹಾಲಿನ ಅಳತೆ, ಜಿಡ್ಡಿನ ಅಂಶ ಕಣ್ಣೆದುರೇ ಬರೆಯಲ್ಪಡುತ್ತದೆ. ಬಟವಾಡೆಯ ದಿನ ಗೊತ್ತಿದೆ. ಒಂದು ಹಸುವಿನ ಮನೆಗೂ ಹತ್ತು ಹಸುವಿನ ಮನೆಗೂ ಒಂದೇ ಸಾಲು, ಒಂದೇ ದರ. ಹೊಲವಿಲ್ಲದವರಿಗೂ ಅಲ್ಲಿ ಪುಸ್ತಕವಿದೆ. ಸಂಘಕ್ಕೆ ತನ್ನದೇ ಆದಾಯವಿರುವುದರಿಂದ ಕಾರ್ಯದರ್ಶಿಗೆ ಸಂಬಳ ಸಿಗುತ್ತದೆ. ದೋಷಗಳು ಇಲ್ಲವೆಂದಲ್ಲ. ಆದರೆ ಮೋಸವಾದರೆ ಮರುದಿನ ಬೆಳಿಗ್ಗೆಯೇ ಗೊತ್ತಾಗುತ್ತದೆ. ಕೆರೆಯ ಲೆಕ್ಕ ಗೊತ್ತಾಗುವುದು ಏರಿ ಒಡೆದ ಮೇಲೆ.

ನಮ್ಮ ತೋಟದ ಕಡೆಗೆ

ಇದನ್ನೆಲ್ಲ ಓದಿ ಅವರ ಕಷ್ಟ ಅವರಿಗೆ ಎಂದು ನಾವು ಸುಮ್ಮನಿರುವಂತಿಲ್ಲ. ಕಾಸರಗೋಡಿನ ಏತಡ್ಕದಲ್ಲಿ ಮಳೆಗಾಲ ಕಳೆದ ಮೇಲೆ ಅಡಿಕೆ ಬೆಳೆಗಾರರು ಸೇರಿ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುವುದು ತಲೆಮಾರುಗಳಿಂದ ಬಂದ ಪದ್ಧತಿ. ಮೇಲಿನ ಕಟ್ಟದ ನೀರು ಇಂಗಿ ಕೆಳಗಿನವರ ಬಾವಿಯಲ್ಲಿ ಕಾಣುತ್ತದೆ. ಆದ್ದರಿಂದ ತೋಡಿನುದ್ದಕ್ಕೂ ಎಲ್ಲರೂ ಹಾಕಿದರೆ ಮಾತ್ರ ಫಲ. ನಮ್ಮ ಸೀಮೆಯ ಬೇರೆಡೆ ಇಂಥ ಎಷ್ಟೋ ಕಟ್ಟಗಳು, ಮದಕಗಳು ಕೊಳವೆಬಾವಿ ಬಂದ ಮೇಲೆ ನಿಂತುಹೋದವು. ಆಳು ಸಿಗುವುದಿಲ್ಲವೆಂಬುದು ನಾವು ಹೇಳುವ ಕಾರಣ. ಕಟ್ಟದ ನೀರು ನನ್ನದೂ ಹೌದು ಎಂಬ ಭಾವನೆ ಸಿಗದಿರುವುದೂ ಒಂದು ಕಾರಣವಲ್ಲವೇ? ಅಡಿಕೆಯ ದರ ಕುಸಿದಾಗ ಸರ್ಕಾರದ ದಾರಿ ಕಾಯದೆ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ ಬೆಳೆಗಾರರಿಗೆ ಒಂದು ತೋಡಿನ ನೀರು ನಿಲ್ಲಿಸುವುದು ದೊಡ್ಡ ಮಾತಲ್ಲ.

ನಮ್ಮ ಊರಿನಲ್ಲಿ ನೀರಿನ ಕೆಲಸಕ್ಕೆ ಕೈಹಾಕುವ ಮೊದಲು, ಯೋಜನೆ ಇಲಾಖೆಯದಿರಲಿ, ಪಂಚಾಯಿತಿಯದಿರಲಿ, ನಮ್ಮದೇ ಇರಲಿ, ಕೆಳಗಿನ ಪ್ರಶ್ನೆಗಳಿಗೆ ಸಭೆಯಲ್ಲಿ ಉತ್ತರ ಬರೆದಿಡುವುದು ಒಳ್ಳೆಯದು:

(1) ಕೆಲಸ ಮುಗಿದ ಮರುವರ್ಷ ಅದನ್ನು ನೋಡಿಕೊಳ್ಳುವವರು ಯಾರು? ಅವರಿಗೆ ಕೂಲಿ ಎಲ್ಲಿಂದ?

(2) ಪ್ರತಿ ಮನೆಯ ಪಾಲು ಎಷ್ಟು? ಹಣವಿಲ್ಲದವರು ಆಳಿನ ಲೆಕ್ಕದಲ್ಲಿ ಕೊಡಬಹುದೇ?

(3) ನೀರು ಕಡಿಮೆಯಾದ ವರ್ಷ ಹಂಚಿಕೆ ಹೇಗೆ? ಇದನ್ನು ನೀರಿರುವಾಗಲೇ ತೀರ್ಮಾನಿಸಬೇಕು.

(4) ತೋಟವಿಲ್ಲದವರಿಗೆ, ತೋಡಿನ ಕೊನೆಯಲ್ಲಿರುವವರಿಗೆ ಇದರಿಂದ ಏನು ಸಿಗುತ್ತದೆ? ಅವರು ಸಭೆಯಲ್ಲಿದ್ದಾರೆಯೇ?

(5) ಲೆಕ್ಕಪುಸ್ತಕ ಯಾರ ಮನೆಯಲ್ಲಿದೆ? ಯಾವ ದಿನ ಯಾರು ಬೇಕಾದರೂ ನೋಡಬಹುದು?

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಸಹಕಾರ ಸಂಘದ ಸಭೆಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಕೂಡಿದ ಹಳ್ಳವನ್ನು ಕಾಯುವವರಿಲ್ಲದಿದ್ದರೆ ಅದು ಸಮುದ್ರ ಸೇರುತ್ತದೆ ಎಂಬುದನ್ನು ಚಿಕ್ಕಬಳ್ಳಾಪುರ ಸೀಮೆ ತನ್ನ ಒಣಗಿದ ಕೆರೆಗಳ ಬೆಲೆ ತೆತ್ತು ಕಲಿತಿದೆ. ಆ ಬೆಲೆ ತೆರದೆಯೇ ನಾವು ಕಲಿಯಲು ಇನ್ನೂ ಅವಕಾಶವಿದೆ. ಈ ವರ್ಷದ ಮಳೆ ನಿಂತು ತೋಡಿನ ನೀರು ಇಳಿಯುವ ಮೊದಲೇ ಪ್ರತಿ ಊರಿನ ಸದಸ್ಯರು ಒಂದು ಸಂಜೆ ಸೇರಿ ಈ ಐದು ಪ್ರಶ್ನೆಗಳನ್ನು ಚರ್ಚಿಸಬೇಕು.